ಅಕ್ಕನ ಮಂಚದ ಪಕ್ಕದ ಆಫೀಸು

ಹೋದ ತಿಂಗಳು ರಾಯದುರ್ಗದಲ್ಲಿ ಮಳೆ ಬಂತು. ನಮ್ಮೂರಿಗೆ ಮಳೆ ಬಂದರೆ ಅದು ಸುದ್ದಿ. ಮಧ್ಯಾಹ್ನ ಹಿಡಿದದ್ದು ಸಂಜೆಯಾದರೂ ಬಿಡಲಿಲ್ಲ. ವಾಶಿಂಗಿನಿಂದ ಬಂದು ತಾರಸಿಯ ಮೇಲೆ ಒಣಗುತ್ತಿದ್ದ ಜೀನ್ಸ್ ಪ್ಯಾಂಟುಗಳನ್ನೆಲ್ಲ ಒಳಗೆಳೆದು ಗುಡ್ಡೆ ಹಾಕಿದೆವು. ಮರುದಿನವೂ ಮೋಡ. ನಮ್ಮ ಹೊಲಿಗೆ ಯೂನಿಟ್ಟಿನ ಬಾಗಿಲು ತೆಗೆದಾಗ ಬಂದ ವಾಸನೆಗೆ ಹೊಲಿಯುವ ಹೆಂಗಸರೆಲ್ಲ ಸೆರಗನ್ನು ಮೂಗಿಗೆ ಹಿಡಿದರು. ನಾನೊಬ್ಬಳು ಹೊಸ್ತಿಲಲ್ಲೇ ನಿಂತು ಇನ್ನೊಂದು ಸಲ ಉಸಿರೆಳೆದುಕೊಂಡೆ. ಒಣಗದ ಜೀನ್ಸಿನ ವಾಸನೆ, ಅರ್ಧ ನೀಲಿ ಬಣ್ಣ, ಅರ್ಧ ಬೂಷ್ಟು. ನನ್ನ ಮಟ್ಟಿಗೆ ಅದು ಬೊಂಬಾಯಿಯ ವಾಸನೆ. ಅಕ್ಕನ ಮಂಚದ ಪಕ್ಕ ಕೂತು ನಾನು ಕಳೆದ ಒಂದು ಮಳೆಗಾಲದ ವಾಸನೆ.

ನಾನು ಮಾಡುವ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಪ್ಯಾಂಟು ಹೊಲಿಯುವ ಮೊದಲು ಅದರ ಒಂದೊಂದು ತುಂಡಿನ ಆಕಾರವನ್ನು, ಮುಂದಿನ ಭಾಗ, ಹಿಂದಿನ ಭಾಗ, ಜೇಬು, ಸೊಂಟದ ಪಟ್ಟಿ ಎಂದು ಕಂಪ್ಯೂಟರಿನಲ್ಲಿ ಬರೆಯಬೇಕು. ಅದಕ್ಕೆ ಪ್ಯಾಟರ್ನ್ ಅಂತಾರೆ. ಅದು ದೊಡ್ಡ ಕಾಗದದ ಮೇಲೆ ಅಚ್ಚಾಗಿ ಬರುತ್ತದೆ. ಪದರ ಪದರವಾಗಿ ಹಾಸಿದ ಬಟ್ಟೆಯ ಮೇಲೆ ಆ ಕಾಗದ ಇಟ್ಟು ಕಟಿಂಗ್ ಮಾಸ್ತರು ಕೊಯ್ಯುತ್ತಾರೆ. ನಮ್ಮ ಮಾಸ್ತರು ಮಹಬೂಬ್ ಕಾಕಾ. ನಾನು ಬರೆದದ್ದನ್ನು ಅವರು ಕೊಯ್ಯುತ್ತಾರೆ, ಅವರು ಬೈದದ್ದನ್ನು ನಾನು ತಿದ್ದುತ್ತೇನೆ. ಹೀಗೆ ನಡೆದಿತ್ತು.

ಅಷ್ಟರಲ್ಲಿ ಒಂದು ವರ್ಷ, ಮಳೆಗಾಲಕ್ಕೆ ಮುಂಚೆ, ಬೊಂಬಾಯಿಯಿಂದ ಅಕ್ಕನ ಫೋನು ಬಂತು. ಗಿರಿಜಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ರಾಯದುರ್ಗದ ಓಣಿ ಓಣಿಯಲ್ಲೂ ಮಷೀನು ಕೂತ ಕಾಲದಲ್ಲಿ ಅವ್ವನ ಜೊತೆ ಪಡಸಾಲೆಯಲ್ಲಿ ಕೂತು ಜೀನ್ಸ್ ಜೇಬು ಹೊಲಿದು ನನ್ನನ್ನು ಓದಿಸಿದವಳು. ಮದುವೆಯಾದ ಮೇಲೆ ಗಂಡನ ಜೊತೆ ಬೊಂಬಾಯಿಗೆ ಹೋದಳು. ಅಲ್ಲಿ ಎರಡು ಸಲ ಬಸಿರಾಗಿ ಎರಡೂ ಉಳಿದಿರಲಿಲ್ಲ. ಈಗ ಮೂರನೆಯದು. ಡಾಕ್ಟರು ಗರ್ಭದ ಬಾಯಿಗೆ ಹೊಲಿಗೆ ಹಾಕಿ, ಹೆರಿಗೆಯಾಗುವ ತನಕ ಮಂಚ ಬಿಟ್ಟು ಏಳಬಾರದು, ಬಸ್ಸು ರೈಲು ಹತ್ತಲೇಬಾರದು ಅಂದಿದ್ದರು.

"ಸಿಂಗಲ್ ಹೊಲಿಗಿನೋ ಡಬಲ್ಲೋ, ಕೇಳಾಕ ಮರತೆ ನೋಡು" ಎಂದು ಫೋನಿನಲ್ಲಿ ನಕ್ಕಳು. ಅವ್ವ ತೀರಿಕೊಂಡು ಆಗ ವರ್ಷವಾಗಿತ್ತು. ತವರಿಗೆ ಬಸುರಿ ಬರಲಾಗದಿದ್ದರೆ ತವರೇ ಬಸುರಿಯ ಹತ್ತಿರ ಹೋಗಬೇಕು. ನಮ್ಮ ತವರು ಅಂದರೆ ಅಪ್ಪ ಮತ್ತು ನಾನು. ಅಪ್ಪನಿಗೆ ಬಾಣಂತನ ಏನು ಗೊತ್ತು?

ಮಾಲಕರ ಹತ್ತಿರ ಹೋಗಿ, ಅಲ್ಲಿಂದಲೇ ಕೆಲಸ ಮಾಡುತ್ತೇನೆ ಎಂದು ಕೇಳಿಕೊಂಡೆ. ಎಲ್ಲರನ್ನೂ ಮನೆಯೊಳಗೆ ಕೂರಿಸಿದ ಆ ದೊಡ್ಡ ರೋಗ ಬಂದು ಹೋದ ಮೇಲೆ ಬೆಂಗಳೂರಿನವರು ಹಾಗೆ ಮಾಡುತ್ತಿರುವುದು ಅವರಿಗೂ ಗೊತ್ತಿತ್ತು.

"ಅವರು ಬರೇ ಟೈಪ್ ಮಾಡೋರಮ್ಮ. ನಮ್ಮದು ಪ್ಯಾಂಟು. ನೀ ಅಲ್ಲಿ, ಬಟ್ಟಿ ಇಲ್ಲಿ, ಹೆಂಗ?" ಅಂದರು.

ಕಾಕಾ ಕತ್ತರಿ ಕೆಳಗಿಟ್ಟು ಹೇಳಿದರು: "ಹೋಗಲಿ ಬಿಡ್ರಿ ಸಾಹೇಬ್ರ. ಬಟ್ಟಿ ಹೆಂಗೈತಿ ಅಂತ ನಾ ಫೋನ್‌ನಾಗ ಹೇಳ್ತೀನಿ. ನಡೀಲಿಲ್ಲ ಅಂದ್ರ ನನ್ನ ಕೇಳ್ರಿ."

ಕಂಪ್ಯೂಟರನ್ನು ಸೀರೆಯಲ್ಲಿ ಸುತ್ತಿ ಎದೆಗವಚಿಕೊಂಡು ಗುಂತಕಲ್ಲಿನಲ್ಲಿ ರೈಲು ಹತ್ತಿದೆ.

ಭಾವ ತಿಪ್ಪೇಸ್ವಾಮಿ ಮಡಕಶಿರದ ಕಡೆಯವರು, ಅಮರಾಪುರದ ಹತ್ತಿರದ ಹಳ್ಳಿ. ಬೊಂಬಾಯಿ ಬಂದರಿನಲ್ಲಿ ಅವರ ಕೆಲಸ ಟಗ್ ಎಂಬ ದೋಣಿಯ ಮೇಲೆ. ದೊಡ್ಡ ಹಡಗುಗಳು ತಾವೇ ದಕ್ಕೆಗೆ ಬಂದು ನಿಲ್ಲಲಾರವಂತೆ. ಈ ಪುಟ್ಟ ದೋಣಿ ಹೋಗಿ ಅವುಗಳ ಪಕ್ಕೆಗೆ ತಲೆ ಕೊಟ್ಟು ತಳ್ಳಿ ನಿಲ್ಲಿಸಬೇಕು. "ಊರಾಗೆ ನಮ್ಮಪ್ಪ ಟಗರು ಕಾಯ್ತಾನೆ, ನಾನಿಲ್ಲಿ ಟಗ್ ಕಾಯ್ತೀನಿ ಕಣಮ್ಮ. ಎರಡೂ ಗುದ್ದೋವೇ" ಎಂದು ಸ್ಟೇಷನ್ನಿನಿಂದ ಬರುವಾಗಲೇ ನಗಿಸಿದರು.

ಮನೆ ಅಂದರೆ ಒಂದು ಕೋಣೆ, ಬಂದರಿನ ಹಿಂದಿನ ಓಣಿಯ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ. ಅಕ್ಕನ ಮಂಚ ಹಾಕಿದರೆ ಇನ್ನರ್ಧ ಕೋಣೆ ಉಳಿಯುತ್ತಿತ್ತು. ಅದರಲ್ಲಿ ಅಡಿಗೆ, ಸ್ನಾನದ ಮೋರಿ, ಭಾವನ ಹಾಸಿಗೆ, ಈಗ ನಾನು. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಎರಡು ದೊಡ್ಡ ಕಟ್ಟಡಗಳ ಸಂದಿನಲ್ಲಿ ಒಂದು ಅಂಗೈ ಅಗಲ ಸಮುದ್ರ.

"ಆ ಸಂದಿಗೂ ಬಾಡ್ಗಿ ಕೊಡ್ತೀವಿ" ಅಂದಳು ಅಕ್ಕ. "ಕೆಳಗಿನ ಮನಿಯವ್ರಿಗೆ ನೀರು ಕಾಣಂಗಿಲ್ಲ, ಅವ್ರಿಗೆ ಕಡಿಮಿ."

ನನಗೆ ಅಚ್ಚರಿಯೋ ಅಚ್ಚರಿ. ನೋಡುವುದಕ್ಕೂ ಬಾಡಿಗೆ ಇರುವ ಊರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಮ್ಮ ಕೋಟೆ ಗುಡ್ಡವನ್ನು ರಾಯದುರ್ಗದವರೆಲ್ಲ ಪುಕ್ಕಟೆ ನೋಡುತ್ತೇವೆ. ಇಲ್ಲಿ ಕರಿಬೇವನ್ನೂ ಕಾಸು ಕೊಟ್ಟು ತರಬೇಕು, ಅದೂ ಎಣಿಸಿದಂತೆ ನಾಲ್ಕು ಕಡ್ಡಿ. ಸುತ್ತಲೂ ನೀರು, ಮೇಲಿನಿಂದ ನೀರು, ಆದರೆ ನಲ್ಲಿ ಬರುವುದು ಬೆಳಗಾಗುವ ಮುಂಚೆ ಸ್ವಲ್ಪ ಹೊತ್ತು. ಬರಗಾಲದೂರಿನಿಂದ ಹೋದ ನಾನು ಅಲ್ಲಿಯೂ ಕೊಡ ಹಿಡಿದು ಸಾಲಿನಲ್ಲಿ ನಿಂತೆ.

ಆ ಸಾಲಿನಲ್ಲೇ ಕುಸುಮತಾಯಿ ಸಿಕ್ಕಿದ್ದು. ಪಕ್ಕದ ಕೋಣೆಯವಳು, ಮೀನು ಮಾರುವ ಹೆಂಗಸು. ಕಚ್ಚೆ ಸೀರೆ, ಮೂಗು ತುಂಬ ನತ್ತು, ಓಣಿಯ ತುದಿಗೆ ಕೇಳುವ ದನಿ. ನನಗೆ ಮರಾಠಿ ಬಾರದು, ಹಿಂದಿಯೂ ಅಷ್ಟಕ್ಕಷ್ಟೇ. ಕಾಕಾನಿಂದ ಕಲಿತ ನಮ್ಮೂರ ಉರ್ದು ಇತ್ತು, ಅದನ್ನೇ ಹೊರತೆಗೆದೆ. ಅವಳು ನನ್ನ ಕೊಡ ಹಿಡಿಯಲು ಬಂದಾಗ "ನಕ್ಕೋ" ಅಂದೆ, ಬೇಡ ಅಂತ. ಅವಳು ಕಣ್ಣರಳಿಸಿದಳು. ಅವರ ಮಾತಿನಲ್ಲೂ ಅದು 'ನಕೋ' ಅಂತೆ! ಕಾಕಾಗೆ ಹೇಳಿದರೆ ಅವರು, "ನಮ್ಮ ಮಾತು ಅಲ್ಲೀತನಕ ಹೋಗೈತಾ!" ಎಂದು ವಾರವೆಲ್ಲ ಅದನ್ನೇ ಹೇಳಿಕೊಂಡು ತಿರುಗಿದರು.

ನನ್ನ ಆಫೀಸು ಅಕ್ಕನ ಮಂಚದ ಕಾಲಿನ ಹತ್ತಿರ, ಕಬ್ಬಿಣದ ಟ್ರಂಕಿನ ಮೇಲೆ. ಬೆಳಿಗ್ಗೆ ಅಕ್ಕನಿಗೆ ಮೈ ಒರೆಸಿ, ಗಂಜಿ ಕುಡಿಸಿ, ಭಾವನಿಗೆ ಮುದ್ದೆ ಕಟ್ಟಿ ಕೊಟ್ಟು, ಕಂಪ್ಯೂಟರು ತೆಗೆಯುತ್ತಿದ್ದೆ. ಫೋನನ್ನು ಡಬ್ಬಿಗೆ ಆನಿಸಿಟ್ಟರೆ ಅದರಲ್ಲಿ ಕಾಕಾ, ಅವರ ಹಿಂದೆ ಉದ್ದದ ಕಟಿಂಗ್ ಮೇಜು, ಅದರಾಚೆ ಸಾಲು ಮಷೀನು. ಕುಸುಮತಾಯಿ ಮೀನಿನ ಬುಟ್ಟಿ ಇಳಿಸಿ ಬಂದು ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಇವಳು ದಿನವಿಡೀ ಕೂತಲ್ಲೇ ಕೂತಿದ್ದಾಳೆ, ಇದು ಎಂಥ ಆಫೀಸು, ಇಲ್ಲಿ ಕೂತು ಎಳೆದ ಗೆರೆ ಅಲ್ಲಿ ಬಟ್ಟೆಯನ್ನು ಹೇಗೆ ಕೊಯ್ಯುತ್ತದೆ ಎಂದು ಅವಳ ಪ್ರಶ್ನೆ. ಒಮ್ಮೆ ಫೋನಿನಲ್ಲಿ ಕಾಕಾ ಕೊಯ್ಯುವುದನ್ನು ತೋರಿಸಿದೆ. ಅವಳು ಮೀನು ಕೊಯ್ಯುವವರ ಕಣ್ಣಿನಿಂದ ನೋಡಿ, ಕೈ ಚೆನ್ನಾಗಿದೆ ಅಂದಳು.

ತೊಂದರೆ ಮಾಲಕರು ಹೇಳಿದಲ್ಲೇ ಬಂತು. ಜೀನ್ಸ್ ಬಟ್ಟೆ ಒಗೆದ ಮೇಲೆ ಕುಗ್ಗುತ್ತದೆ. ಯಾವುದು ಎಷ್ಟು ಕುಗ್ಗುತ್ತದೆ ಎಂದು ಕೈಯಲ್ಲಿ ಉಜ್ಜಿ ನೋಡದೆ ಅಳತೆ ಹಾಕುವುದು ಕಷ್ಟ. ಕಾಕಾ ಫೋನಿನಲ್ಲಿ, "ಇದು ಸಜ್ಜಿ ರೊಟ್ಟಿ ಇದ್ದಂಗೈತಿ, ಬಿರುಸು. ಇದು ಜ್ವಾಳದ್ದು, ಮೆತ್ತಗೈತಿ" ಅನ್ನುತ್ತಿದ್ದರು. ಕೇಳುವುದಕ್ಕೆ ಚೆಂದ, ಗೆರೆ ಎಳೆಯುವುದಕ್ಕೆ ಸಾಲದು. ಕೊನೆಗೆ ಬಟ್ಟೆಯ ಒಂದೊಂದು ಥಾನಿನಿಂದಲೂ ತುಂಡು ಕೊಯ್ದು ಪಾರ್ಸಲ್ಲಿನಲ್ಲಿ ಕಳಿಸತೊಡಗಿದರು. ನಾನು ಅವನ್ನು ಬಕೆಟ್ಟಿನಲ್ಲಿ ನೆನೆಸಿ ಹಗ್ಗಕ್ಕೆ ಹಾಕುತ್ತಿದ್ದೆ. ರಾಯದುರ್ಗದಲ್ಲಿ ಒಂದು ಗಳಿಗೆಗೆ ಒಣಗುವ ಬಟ್ಟೆ ಅಲ್ಲಿ ನಾಲ್ಕು ದಿನವಾದರೂ ಒಣಗದು. ಕೋಣೆಯ ತುಂಬ ನೀಲಿ ತುಂಡುಗಳು ತೂಗಾಡುತ್ತಿದ್ದವು. ಅದೇ ಆ ವಾಸನೆ.

ಅಕ್ಕ ಆ ದಿನಗಳಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಛಾವಣಿಯ ತೇವದ ಕಲೆಗಳನ್ನು ನೋಡುತ್ತ ಮಲಗಿರುತ್ತಿದ್ದಳು. ಕೂಸಿನ ಮಾತು ತೆಗೆದರೆ ಮುಖ ತಿರುಗಿಸುತ್ತಿದ್ದಳು. ಒಂದು ಮೆತ್ತನೆ ಬಟ್ಟೆ ತಂದು ಸಣ್ಣ ಅಂಗಿ ಹೊಲಿಯೋಣವೇ ಎಂದು ನಾನು ಕೇಳಿದ್ದಕ್ಕೆ, "ಹುಟ್ಟೋ ಮದ್ಲ ಹೊಲೀಬಾರದು. ಹಿಂದೊಂದು ಸಲ ಹೊಲಿದಿಟ್ಟಿದ್ದೆ" ಅಂದು ಕಣ್ಣು ಮುಚ್ಚಿಕೊಂಡಳು. ಅವಳ ಒಳಗೆ ಏನು ಓಡುತ್ತಿದೆ ಎಂದು ತಿಳಿಯುವ ಆಸೆ ನನಗೆ, ಸಮುದ್ರ ನೋಡುವ ಆಸೆಗಿಂತ ಹೆಚ್ಚಾಗಿತ್ತು.

ಒಂದು ದಿನ ನಾನು ಒಂದು ತುಂಡು ಹಿಡಿದು ಕಾಕಾನ ಜೊತೆ ವಾದ ಮಾಡುತ್ತಿದ್ದೆ. ಅಕ್ಕ ಮಲಗಿದಲ್ಲಿಂದಲೇ ಕೈ ಚಾಚಿದಳು. ತುಂಡನ್ನು ಹೆಬ್ಬೆರಳಿನಲ್ಲಿ ಉಜ್ಜಿದಳು, ಅಡ್ಡಕ್ಕೆ ಎಳೆದಳು, ಉದ್ದಕ್ಕೆ ಎಳೆದಳು, ಮೂಗಿಗೆ ಹಿಡಿದಳು.

"ಉದ್ದಕ್ಕ ಬಾಳ ಕುಗ್ಗತೈತಿ ಇದು. ಕಾಲು ಉದ್ದ ಇಡು, ಸೊಂಟ ಮುಟ್ಟಬ್ಯಾಡ."

ಫೋನಿನಲ್ಲಿ ಕಾಕಾ, "ಯಾರ್ರಿ ಅದು? ಗಿರಿಜವ್ವ ಏನ್ರಿ?" ಎಂದು ಕೂಗಿದರು. ಅಕ್ಕ ಸಣ್ಣಗಿದ್ದಾಗ ಅವಳಿಗೆ ಜೇಬಿನ ಕಟ್ಟು ತಂದು ಕೊಡುತ್ತಿದ್ದವರು ಅವರೇ.

"ಹೌದ್ರಿ ಕಾಕಾ. ಬಿದ್ದಕೊಂಡೀನಿ, ಕೈ ಅಷ್ಟ ಖಾಲಿ ಐತಿ."

ಅಂದಿನಿಂದ ಬಟ್ಟೆ ಮುಟ್ಟಿ ನೋಡುವ ಕೆಲಸ ಅಕ್ಕನದಾಯಿತು. ಪಾರ್ಸಲ್ಲಿಗೆ ಕಾಯತೊಡಗಿದಳು. ಕಾಕಾನಿಗೆ ತಾನೇ ಫೋನು ಹಚ್ಚಿಸಿ, ಬಣ್ಣದ ಬಗ್ಗೆ ಜಗಳ ತೆಗೆಯುತ್ತಿದ್ದಳು. ಮಷೀನಿನ ಹೆಂಗಸರೂ ಒಬ್ಬೊಬ್ಬರೇ ಫೋನಿನ ಮುಂದೆ ಬಂದು, "ಆರಾಮ ಅದೀರೇನ್ರಿ ಅಕ್ಕ? ಊಟಕ್ಕ ಏನು?" ಎಂದು ಕೇಳಿ ಹೋಗುತ್ತಿದ್ದರು. ಭಾವ ಸಂಜೆ ಬಂದು ಚಪ್ಪಲಿ ಬಿಡುತ್ತ, "ಏನಮ್ಮ, ಇವತ್ತು ಎಷ್ಟು ಜನಕ್ಕೆ ಬೈದ್ಲು ನಿಮ್ಮಕ್ಕ?" ಅನ್ನುತ್ತಿದ್ದರು. ಅವಳು ಬೈದ ದಿನ ಅವರ ಮುಖ ಹಗುರಾಗಿರುತ್ತಿತ್ತು.

ಹೀಗೆ ಅಕ್ಕನಿಗೆ ಏಳು ತಿಂಗಳು ತುಂಬಿ ಎಂಟರಲ್ಲಿ ಬಿದ್ದಿತ್ತು. ಆವತ್ತು ಬೆಳಗಿನಿಂದ ಮಳೆ ಬೇರೆ ಥರ ಸುರಿಯುತ್ತಿತ್ತು. ಕಿಟಕಿಯ ಸಂದಿನಲ್ಲಿ ಸಮುದ್ರವೂ ಇಲ್ಲ, ಆಕಾಶವೂ ಇಲ್ಲ, ಬರೀ ಬಿಳಿ. ಭಾವ ದೋಣಿಯ ಮೇಲಿದ್ದರು. ಅಂಥ ಗಾಳಿಯಲ್ಲಿ ಹಡಗು ಬಿಟ್ಟು ಬರುವ ಹಾಗಿರಲಿಲ್ಲ. ಮಧ್ಯಾಹ್ನ ನಾನು ಕಾಕಾನ ಜೊತೆ ಹಿಂಬದಿ ಜೇಬಿನ ಅಳತೆ ನೋಡುತ್ತಿದ್ದೆ. ಹಿಂದಿನಿಂದ ಅಕ್ಕ ಸಣ್ಣ ದನಿಯಲ್ಲಿ ಅಂದಳು:

"ಸುವರ್ಣಾ, ಹೊಲಿಗಿ ಬಿಚ್ಚಾಕತ್ತೈತಿ."

ಫೋನಿನಲ್ಲಿ ಕಾಕಾ, "ಯಾವ ಹೊಲಿಗಿರಿ? ಯಾವ ಸೈಜಿಂದು?" ಅಂದರು.

ನಾನು ತಿರುಗಿ ನೋಡಿದೆ. ಅಕ್ಕನ ಮುಖ ಬೆವೆತಿತ್ತು, ಹಾಸಿಗೆ ಒದ್ದೆಯಾಗಿತ್ತು. "ಕಾಕಾ, ಅಕ್ಕಗ ನೋವು ಬಂದೈತಿ" ಎಂದಷ್ಟೇ ಹೇಳಿ ಕುಸುಮತಾಯಿಯ ಬಾಗಿಲು ಬಡಿದೆ.

ಅವಳು ಬಂದು ಒಂದು ನೋಟ ನೋಡಿದಳು, ಮೆಟ್ಟಿಲ ಬಾಯಿಗೆ ಹೋಗಿ ಕೆಳಗೆ ಕೂಗಿದಳು. ಓಣಿಯಲ್ಲಿ ನೀರು ಸೊಂಟ ಮುಟ್ಟುತ್ತಿತ್ತು. ಆಟೋ ಇಲ್ಲ, ಕೆಳಗಿನವರು ಆಂಬುಲೆನ್ಸಿಗೆ ಹಚ್ಚಿದ ಫೋನು ಹತ್ತಲಿಲ್ಲ. ಸರ್ಕಾರಿ ಆಸ್ಪತ್ರೆ ಎರಡು ಓಣಿ ಆಚೆ. ಕೆಳಗಿನ ಗಂಡಸರು ಮೀನಿನ ಪೆಟ್ಟಿಗೆ ಸಾಗಿಸುವ ಕೈಗಾಡಿ ತಂದರು. ಅದರ ಮೇಲೆ ಪೆಟ್ಟಿಗೆ ಎತ್ತರಕ್ಕೆ ಜೋಡಿಸಿ, ಹಾಸಿಗೆ ಹಾಕಿ, ಅಕ್ಕನನ್ನು ಚಾದರದಲ್ಲಿ ಎತ್ತಿ ತಂದು ಮಲಗಿಸಿದರು. ಮೇಲೆ ತಾಡಪಾಲು. ಕುಸುಮತಾಯಿ ಗಾಡಿಯ ಮುಂದೆ ನಿಂತು, ಎಲ್ಲಿ ಗುಂಡಿ ಇದೆ ಎಂದು ಕಾಲಿನಲ್ಲಿ ಹುಡುಕುತ್ತ, ದಾರಿ ಹೇಳುತ್ತ ನಡೆದಳು.

ಆಗ ನನಗೆ ಕೈಯಲ್ಲಿನ ಫೋನಿನಿಂದ ಕಾಕಾನ ದನಿ ಕೇಳಿತು. ನಾನು ಕಟ್ ಮಾಡಿರಲೇ ಇಲ್ಲ.

"ಇಡಬ್ಯಾಡವ್ವ. ನೀ ಮಾತಾಡಬ್ಯಾಡ, ನಮಗ ಏನೂ ಹೇಳಬ್ಯಾಡ. ಹಂಗ ಇಟ್ಟಿರು ಸಾಕು."

ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಂಡೆ. ಒಂದು ಕೈಯಲ್ಲಿ ಅಕ್ಕನ ಕೈ, ಇನ್ನೊಂದರಲ್ಲಿ ತಾಡಪಾಲಿನ ಅಂಚು. ಅಕ್ಕ ಕೂಗಲಿಲ್ಲ. ಹಲ್ಲು ಕಚ್ಚಿ, "ಇದೂ ಹೋಗತೈತೇನ ಸುವರ್ಣಾ?" ಎಂದು ಒಂದೇ ಸಲ ಕೇಳಿದಳು. "ನಡೀರಿ, ನಡೀರಿ" ಎಂದು ಕನ್ನಡದಲ್ಲೇ ಗಾಡಿಯವರಿಗೆ ಅನ್ನುತ್ತಿದ್ದೆ. ಅವರು ಅರ್ಥವಾದವರ ಹಾಗೆ ತಳ್ಳುತ್ತಿದ್ದರು.

ನಡುವೆ ಎಲ್ಲೋ ಒಂದು ವಿಚಿತ್ರ ನನ್ನ ಗಮನಕ್ಕೆ ಬಂತು. ಎದೆಯ ಮೇಲಿನ ಫೋನಿನಲ್ಲಿ ಸದ್ದೇ ಇಲ್ಲ. ಕಟ್ಟಾಯಿತೇ ಎಂದು ನೋಡಿದರೆ ಇಲ್ಲ, ನಡೆಯುತ್ತಿದೆ. ಯೂನಿಟ್ಟಿನ ಹಾಲ್‌ನಲ್ಲಿ ಮಷೀನುಗಳೆಲ್ಲ ನಿಂತಿದ್ದವು. ಕರೆಂಟು ಹೋದಾಗ ಬಿಟ್ಟರೆ ಅವು ಹಾಗೆ ಒಟ್ಟಿಗೆ ನಿಂತದ್ದನ್ನು ನಾನು ಕೇಳಿರಲಿಲ್ಲ. ರಾಯದುರ್ಗದ ಆ ಬಿಸಿಲಿನಲ್ಲಿ ಅಷ್ಟು ಜನ ಕೈ ಕಟ್ಟಿ ನಿಂತು ಬೊಂಬಾಯಿಯ ಮಳೆಯನ್ನು ಕೇಳುತ್ತಿದ್ದರು.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಫೋನು ಸತ್ತಿತು. ಚೀಲದೊಳಗೆ ನೀರು ಹೋಗಿತ್ತು.

ಸಂಜೆ ಹೆಣ್ಣುಕೂಸು ಹುಟ್ಟಿತು. ಬಾಗಿಲ ಹೊರಗೆ ನಿಂತಿದ್ದ ನಾನೂ ಕುಸುಮತಾಯಿಯೂ ಅದರ ಅಳು ಕೇಳಿದೆವು, ಬೆಕ್ಕಿನ ಮರಿಯಂತೆ ಸಣ್ಣಗೆ. ಕುಸುಮತಾಯಿ ಮೀನುವಾಸನೆಯ ಒದ್ದೆ ಸೆರಗಿನಲ್ಲೇ ನನ್ನ ಮುಖ ಒರೆಸಿದಳು. ಸುದ್ದಿ ಮುಟ್ಟಿದ ಮೇಲೆ ಭಾವ ಬಂದರಿನಿಂದ ನೀರಿನಲ್ಲೇ ನಡೆದು ಬಂದರು. ಮಂಡಿಯವರೆಗೂ ಕೆಸರು. "ಉಳಕಂಡೈತಾ?" ಅಂದರು. ಯಾವುದು, ಯಾರು ಎಂದು ನಾನು ಕೇಳಲಿಲ್ಲ. "ಇಬ್ರೂ ಉಳಕೊಂಡಾರ ಭಾವ" ಅಂದೆ. ಅವರು ಕೆಸರುಗಾಲು ತೊಳೆಯಲು ನಲ್ಲಿ ಹುಡುಕಿಕೊಂಡು ಹೋದರು. ಮರುದಿನ ಬೇರೆಯವರ ಫೋನಿನಿಂದ ಕಾಕಾಗೆ ಸುದ್ದಿ ಮುಟ್ಟಿಸಿದೆ.

ಕೂಸು ಅಂಗೈಗಿಂತ ಸ್ವಲ್ಪ ದೊಡ್ಡದು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ದಿನಗಳು ಹೋದ ಮೇಲೆ, ಈಗ ಬರಿಮೈಗೆ ಅವಚಿ ಹಿಡಿಯಿರಿ, ಮೈಯ ಬಿಸಿ ಬೇಕು ಎಂದು ನರ್ಸು ಹೇಳಿಕೊಟ್ಟಳು. ಅಕ್ಕ ಹಿಡಿದಳು, ಆದರೆ ಅದಕ್ಕೆ 'ಅದು' ಅಂತಲೇ ಅನ್ನುತ್ತಿದ್ದಳು. 'ಅದಕ್ಕ ಹಾಲು ಸೇರ್ತಿಲ್ಲ', 'ಅದು ಮಲಗೈತಿ'. ಅಕ್ಕ ದಣಿದಾಗ ಭಾವನ ಸರದಿ. ಹಗ್ಗ ಎಳೆದು ಎಳೆದು ಮರಗಟ್ಟಿದ ಕೈಯ ಆ ಮನುಷ್ಯ ಹೆಂಗಸರ ವಾರ್ಡಿನಲ್ಲಿ ಅಂಗಿ ಬಿಚ್ಚಿ ಕೂರಲು ನಾಚಿ, ಗೋಡೆಯ ಕಡೆ ಮುಖ ಮಾಡಿ ಕೂತು, ಎದೆಯ ಮೇಲಿನ ಕೂಸಿಗೆ ಊರ ಸುದ್ದಿ ಹೇಳುತ್ತಿದ್ದರು: "ನಮ್ಮೂರಾಗೆ ಈಗ ಶೇಂಗಾ ಹೂ ಬಿಟ್ಟಿರ್ತೈತೆ ಕಣವ್ವ. ನಿಮ್ಮ ತಾತ ಕುರಿ ಹೊಡ್ಕಂಡು ಹೇಮಾವತಿ ಊರ ಕಡೀಕೆ ಹೋಗಿರ್ತಾನೆ. ನೀನೂ ಹೋಗೀಯಂತೆ."

ಅಕ್ಕ ಅದನ್ನು ಕೇಳುತ್ತ ಮಲಗಿದ್ದವಳು ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದಳು.

"ಒಂದು ಅಂಗಿ ಹೊಲಿಸು ಸುವರ್ಣಾ. ಗುಂಡಿ ಬ್ಯಾಡ, ಚುಚ್ಚತಾವ ಇಕಿಗೆ. ಲಾಡಿ ಇಡು."

'ಇಕಿಗೆ' ಅಂದಳು, 'ಅದಕ್ಕ' ಅನ್ನಲಿಲ್ಲ. ನಾನು ಮನೆಗೆ ಓಡಿಬಂದು ಕಂಪ್ಯೂಟರು ತೆಗೆದೆ. ಪ್ಯಾಂಟು ಬಿಟ್ಟು ಬೇರೇನೂ ಬರೆದವಳಲ್ಲ, ಅಷ್ಟು ಸಣ್ಣ ತೋಳನ್ನಂತೂ ಎಂದೂ ಬರೆದಿರಲಿಲ್ಲ. ಎರಡು ಸಲ ಅಳಿಸಿ ಬರೆದು ಕಳಿಸಿದೆ. ಕಾಕಾ ತಮ್ಮ ಹೆಂಡತಿಯ ಹಳೆಯ ನೂಲಿನ ಸೀರೆ, ಒಗೆದು ಒಗೆದು ಬೆಣ್ಣೆಯಾದದ್ದು, ಅದನ್ನು ತಂದು ಕೊಯ್ದರಂತೆ. ಯಾರು ಹೊಲಿಯಬೇಕು ಎಂದು ಹೆಂಗಸರಲ್ಲಿ ಜಗಳವಾಗಿ, ಕೊನೆಗೆ ಒಬ್ಬೊಬ್ಬರು ಒಂದೊಂದು ಹೊಲಿಗೆ ಹಾಕಿದರಂತೆ. ಪಾರ್ಸಲ್ಲು ಬಂದಾಗ ನೋಡಿದರೆ ಅಂಗಿ ಕೂಸಿಗೆ ಎರಡು ಪಟ್ಟು. ಅಕ್ಕ ತೋಳು ಮಡಚಿ ಮಡಚಿ ತೊಡಿಸಿದಳು. "ಕುಗ್ಗತೈತಿ ಅಂತ ದೊಡ್ಡದು ಇಟ್ಟೀ ಏನು?" ಎಂದು ಬಹಳ ದಿನದ ಮೇಲೆ ಹೊಟ್ಟೆ ಹಿಡಿದು ನಕ್ಕಳು.

ಮಳೆ ನಿಂತು ಬೊಂಬಾಯಿ ಒಣಗಿತು. ಕೂಸು ಮನೆಗೆ ಬಂತು. ಬಾಣಂತನ ಮುಗಿಸಿ ನಾನು ಹೊರಟಾಗ ಅಕ್ಕ, "ಇಲ್ಲೇ ಇರಬಾರದೇನ? ಕೆಲಸ ಹೆಂಗೂ ನಡದೈತಿ" ಅಂದಳು. ನಾನೂ ಯೋಚಿಸಿದ್ದೆ. ಆ ಊರಿನ ಒಂದೊಂದು ಓಣಿಯೂ ನನಗೆ ಇನ್ನೂ ನೋಡಬೇಕೆನಿಸುತ್ತಿತ್ತು. ಆದರೆ ಮಂಚ ಬಿಟ್ಟು ಎದ್ದ ಅಕ್ಕ ಇನ್ನು ಬಟ್ಟೆ ಮುಟ್ಟಿ ಹೇಳುತ್ತ ಕೂರುವವಳಲ್ಲ, ಮುಟ್ಟದೆ ಬರೆಯುವುದು ನನಗೆ ಆಗದು. ರಾಯದುರ್ಗಕ್ಕೆ ಬಂದೆ.

ಶೇಂಗಾ ಬಿಡಿಸುವ ಕಾಲಕ್ಕೆ ಅಕ್ಕ ಭಾವ ಊರಿಗೆ ಬಂದರು. ಭಾವನ ಹಳ್ಳಿಯಲ್ಲಿ ತೊಟ್ಟಿಲು ಹಾಕಿ ಕೂಸಿಗೆ ಕುಸುಮ ಎಂದು ಹೆಸರಿಟ್ಟರು. ಆ ಹೆಸರು ಯಾರದೆಂದು ಊರವರಿಗೆ ಹೇಳಿ ಮುಗಿಸುವುದರಲ್ಲಿ ಭಾವನಿಗೆ ಸಾಕಾಯಿತು. ಅಲ್ಲಿಂದ ರಾಯದುರ್ಗಕ್ಕೆ ಬಂದಿಳಿದ ಅಕ್ಕ ಮನೆಗೂ ಹೋಗದೆ ಬಸ್‌ಸ್ಟ್ಯಾಂಡಿನಿಂದ ನೇರ ಯೂನಿಟ್ಟಿಗೆ ಬಂದಳು.

ಹೆಂಗಸರೆಲ್ಲ ಮುತ್ತಿಕೊಂಡರು. ಕೂಸು ಕೈಯಿಂದ ಕೈಗೆ ಹೋಯಿತು. ಕಾಕಾ ಮಾತ್ರ ಹಿಂದೆ ನಿಂತಿದ್ದರು. ಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದರು, ಉಗುರ ಸಂದಿನ ನೀಲಿ ಹೋಗಿರಲಿಲ್ಲ. ಮತ್ತೆ ತೊಳೆಯಲು ತಿರುಗಿದರು. ಅಕ್ಕ ಬಿಡಲಿಲ್ಲ.

"ಅವತ್ತು ಕೇಳಿದ್ರಲ್ಲ ಕಾಕಾ, ಇವತ್ತು ನೋಡ್ರಿ" ಎಂದು ಅವರ ಕೈಗೆ ಕೊಟ್ಟಳು.

ಕಾಕಾ ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದು ನೋಡಿದರು. ಹೊಸ ಮುಖ ಕಂಡು ಕೂಸು ತುಟಿ ಬಿಗಿಮಾಡಿತು. ಹುಬ್ಬು ಕೆಂಪಾಯಿತು. ಯಾರೋ ಅದನ್ನು ಈಸಿಕೊಳ್ಳಲು ಕೈ ಚಾಚಿದರು.

"ತಡೀರಿ" ಅಂದರು ಕಾಕಾ. "ಅಳಲಿ ಬಿಡ್ರಿ. ಅವತ್ತು ಅಷ್ಟು ಹೊತ್ತು ಕಾದ್ವಿ, ಇಕಿ ಅಳು ಕೇಳೋ ಮದ್ಲ ಫೋನ್ ಹೋತು."

ಕೂಸು ಹಾಲ್ ತುಂಬುವ ಹಾಗೆ ಅತ್ತಿತು. ಯಾರೂ ಸುಮ್ಮನಿರಿಸಲು ಹೋಗಲಿಲ್ಲ.